ಗದಿಗೆವ್ವ ಕಂಡ ಕಣ್ಣೀರು

ಬ್ಯಾಡಗಿ, ಮಂಗಳವಾರ

ದೊಡ್ಡಮ್ಮಾ,

ಸೀನುತ್ತಲೇ ಬರೆಯುತ್ತಿದ್ದೇನೆ, ಈ ಊರಿನ ಗಾಳಿಯೇ ಖಾರ. ನಾವು ಲಾ ಕಾಲೇಜಿನವರು ಮೆಣಸಿನಕಾಯಿ ಮಾರುಕಟ್ಟೆಯ ಹತ್ತಿರ ಮೇಜು ಹಾಕಿ, ಉಚಿತ ಕಾನೂನು ಸಲಹೆ ಎಂದು ಬ್ಯಾನರ್ ಕಟ್ಟಿದೆವು. ಒಬ್ಬರೂ ಬರಲಿಲ್ಲ. ಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಕೆಲಸ ಬಿಟ್ಟು ಏಳುವುದಿಲ್ಲ. ಮಾತು ಬೇಕಾದವರು ಪಕ್ಕದಲ್ಲಿ ಕೂತು ತಾವೂ ತೊಟ್ಟು ಬಿಡಿಸಬೇಕು. ನಾನೂ ಕೂತೆ. ಗಂಡ ತೀರಿಕೊಂಡ ಮೇಲೆ ಮೈದುನ ತಮ್ಮನ್ನು ಹೊರಗೆ ಹಾಕಿ ಮನೆಗೆ ಬೀಗ ಜಡಿದದ್ದನ್ನು ಪಕ್ಕದಲ್ಲಿದ್ದ ಗದಿಗೆವ್ವ ಎಂಬವರು ಹೇಳಿದರು. ಕೇಸು ಹಾಕೋಣ ಎಂದರೆ, "ಬ್ಯಾಡ ಬಿಡವಾ, ಮಂದಿ ಏನಂದಾರು" ಎಂದರು. ಅಷ್ಟರಲ್ಲಿ ನಾನು ಕಾಯಿ ಬಿಡಿಸಿದ ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡೆ! ನೀರು ಧಾರಾಕಾರ ಇಳಿಯಿತು. ಗದಿಗೆವ್ವನ ಕೈ ನಿಂತಿತು.

"ಅಳಬ್ಯಾಡವಾ. ನನ್ನ ಸಲುವಾಗಿ ಅಳೋರು ಒಬ್ಬರರ ಅದಾರಲ್ಲ! ನಡಿ, ಕೋರ್ಟಿಗೆ ಬರ್ತೇನಿ."

ಅದು ಬರೀ ಖಾರದ ಉರಿ ಎನ್ನಲು ನನಗೆ ಬಾಯಿ ಬರಲಿಲ್ಲ. ಡ್ರಾಪ್ಸ್ ಹಾಕಿ ಕಣ್ಣು ಪೂರ್ತಿ ವಾಸಿಯಾಗಿದೆ, ನನ್ನ ಭಯವೂ ಅದಕ್ಕೇ. ನಾಳೆ ಕೋರ್ಟಿನ ಬಾಗಿಲಲ್ಲಿ ಗದಿಗೆವ್ವ ಮೊದಲು ನೋಡುವುದು ನನ್ನ ಕಣ್ಣನ್ನೇ.

ಕಾರ್ಡಿನಲ್ಲಿ ಜಾಗ ಮುಗಿಯಿತು.
ಸುಚರಿತಾ