ಅಲೆ ಏಳದ ಜಾಗ

ನವೆಂಬರ್ ೧೪, ಗುರುವಾರ, ನ್ಯೂಫೌಂಡ್‌ಲ್ಯಾಂಡ್.

ಅಲೆ ಅಳೆಯುವ ನನ್ನ ಯಂತ್ರ ಕೆಟ್ಟಿಲ್ಲ. ಸುಮ್ಮನೆ ಬೈದೆ. ಉಪಗ್ರಹದ ಸಂಕೇತ ಕಡಲಿಗೆ ಬಡಿದು ಗುಡ್ಡದ ಮೇಲಿನ ನನ್ನ ಆಂಟೆನಾಕ್ಕೆ ಬರುತ್ತದೆ, ಅಲೆಯಿದ್ದರೆ ಚದುರುತ್ತದೆ. ಈ ಬಿರುಗಾಳಿಯಲ್ಲೂ ಕೊಲ್ಲಿಯ ಒಂದು ಜಾಗ ಮಾತ್ರ ನಕ್ಷೆಯಲ್ಲಿ ಕನ್ನಡಿಯಂತೆ ಹೊಳೆಯುತ್ತದೆ. ತಪ್ಪೆಂದು ಅಳಿಸಿದರೆ ಮರುದಿನ ಮತ್ತೆ ಅಲ್ಲೇ.

ಇವತ್ತು ಮೀನುಗಾರ ಹೇವರ್ಡ್‌ಗೆ ತೋರಿಸಿದೆ. ಅವನ ತಮ್ಮ ಲಿಯಾಂಡರ್ ದೋಣಿಸಮೇತ ಕಾಣೆಯಾಗಿ ಹತ್ತು ದಿನ. ಹುಡುಕಾಟವೂ ನಿಂತಿದೆ.

“ಎಣ್ಣೆ ಕಣೇ ಹುಡುಗಿ. ಎಣ್ಣೆ ಬಿದ್ದಲ್ಲಿ ಅಲೆ ಏಳಲ್ಲ.”

“ಈ ಗಾಳಿಗೆ ಎಣ್ಣೆ ತೇಲ್ಕೊಂಡು ಹೋಗ್ಬೇಕಲ್ವಾ ಅಜ್ಜ? ಇದು ನಿಂತಲ್ಲೇ ಇದೆ.”

“ಕೆಳಗಿಂದ ಬರ್ತಾನೇ ಇದ್ರೆ?” ಎಂದು ಟೋಪಿ ತೆಗೆದ.

ಕರಾವಳಿ ಕಾವಲಿನವರು ನಾಳೆ ಬರುತ್ತಾರೆ. ಅಜ್ಜನಿಗೆ ಒಂದು ಮಾತು ಹೇಳಲಿಲ್ಲ. ಹುಡುಕಿದಷ್ಟು ದಿನವೂ ಅವರ ಕೈಯಲ್ಲಿದ್ದದ್ದು ನಾನು ಆ ಜಾಗ ಅಳಿಸಿ ಕಳಿಸಿದ ನಕ್ಷೆ.