ರಿಂಗ್ ಕೆಳಗಿನ ಕೆಮ್ಮು

೧೯೨೧ ಡಿಸೆಂಬರ್ ೯, ಶುಕ್ರವಾರ. ಸ್ಕ್ರಾಂಟನ್.

ಬಾಸ್ಕೆಟ್‌ಬಾಲ್ ಪಂದ್ಯ ಗೆದ್ದೆವು, ಆದರೂ ನಿದ್ದೆ ಬರುತ್ತಿಲ್ಲ. ನಮ್ಮಲ್ಲಿ ಯಾರು ಪೆಟ್ಟು ತಿಂದರೂ ಆ ಫೌಲಿಗೆ ಸಿಗುವ ಎಸೆತವನ್ನು ಎಸೆಯುವವನು ನಾನೊಬ್ಬನೇ. ಲೀಗಿನ ಪದ್ಧತಿಯೇ ಹಾಗೆ. ತಂಡದಲ್ಲಿ ನನ್ನ ಜಾಗ ಉಳಿದಿರುವುದೂ ಅದರಿಂದಲೇ. ಇವತ್ತು ಕೊನೆಯ ನಿಮಿಷದಲ್ಲಿ ಎರಡೂ ಕಡೆ ಇಪ್ಪತ್ತೆರಡು ಅಂಕ. ಎದುರಾಳಿಯೊಬ್ಬ ನಮ್ಮ ಡೂಡೆಕ್‌ನನ್ನು ಅಂಗಳದ ಸುತ್ತಲಿನ ತಂತಿಬಲೆಗೆ ಒತ್ತಿ ಬೆನ್ನು ಸುಲಿದುಬಿಟ್ಟ. ರಕ್ತ ಅವನದು, ಎಸೆತ ನನ್ನದು! ಎಸೆದೆ. ಚೆಂಡು ಒಳಗೆ ಬಿತ್ತೆಂದು ತಿಳಿದದ್ದು ಜನರ ಕೂಗಿನಿಂದ. ಎರಡು ತಿಂಗಳಿಂದ ರಿಂಗ್ ನನಗೆ ಬರೀ ಮಬ್ಬು. ಕಾಲೇಜು ಓದಿನ ಫಲ ಇಷ್ಟೇ: ಕಣ್ಣು ಹೋಯಿತು, ಬುದ್ಧಿ ಬರಲಿಲ್ಲ.

ಆಮೇಲೆ ಅದೇ ಅಂಗಳದಲ್ಲಿ ಜನ ಕುಣಿಯುತ್ತಿದ್ದರೆ, ನಾನು ಒಳಗೆ ಡೂಡೆಕ್‌ನ ಬೆನ್ನಿಗೆ ಅಯೋಡಿನ್ ಹಚ್ಚುತ್ತಿದ್ದೆ.

"ಮೆಲ್ಲಗೆ ಹಚ್ಚೋ ಪಂಡಿತ! ನಿಂಗೆ ರಿಂಗ್ ಕಾಣ್ಸಲ್ಲ, ಅಲ್ವಾ?"

"ಯಾವನೋ ಹೇಳ್ದೋನು?"

"ಮತ್ತೆ ನೀನು ಎಸೆಯೋವಾಗೆಲ್ಲ ರಿಂಗ್ ಕೆಳಗೆ ನಿಂತು ಯಾಕೆ ಕೆಮ್ತೀನಿ ಅಂದ್ಕೊಂಡೆ? ನೆಗಡಿ ಅಂತಾನಾ?"

ನನಗಿಂತ ಪಳಗಿದ ಕೈ ಅವನದು. ನಾನು ಬಾಯಿಬಿಟ್ಟರೆ ಈ ಎಸೆತ ಅವನಿಗೇ ಸಿಗುತ್ತದೆ. ಅದು ಗೊತ್ತಿದ್ದೂ ಕೆಮ್ಮುತ್ತಾನಲ್ಲ, ಕತ್ತೆ!

ನಾಳೆ ಮ್ಯಾನೇಜರಿಗೆ ಹೇಳಲೇಬೇಕು. ಹೇಳಿದ ಮೇಲೆ ನಾನು ಯಾತಕ್ಕೆ? ಅವನು ಎಸೆಯುವಾಗ ಯಾರೂ ಕೆಮ್ಮಬೇಕಾಗಿಲ್ಲ.