ತುಂಬದೆ ಉಳಿದ ಉಡಿ

ಮಲ್ಕಾಜ್‌ಗಿರಿ, ಹೈದರಾಬಾದ್
೧೮ ನವೆಂಬರ್ ೨೦೦೭

ಪ್ರೀತಿಯ ಅವ್ವನಿಗೆ ನಿನ್ನ ಗುರುದೇವಿಯ ಶರಣು.

ಮೊಣಕಾಲು ನೋವು ಹೇಗಿದೆ? ಅಪ್ಪನ ಕೆಮ್ಮು ಇಳಿಯಿತೇ? ತಮ್ಮ ಹುಲಗೇಶನ ಮದುವೆಯ ಓಡಾಟದಲ್ಲಿ ಊಟ ಬಿಡಬೇಡ. ಹೇಳಿ ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ಹೇಳುತ್ತಿದ್ದೇನೆ. ಇಲ್ಲಿ ಇವರು, ಅತ್ತೆ, ಅವಳಿ ಮಕ್ಕಳು ಎಲ್ಲರೂ ಆರಾಮ. ನಾನೂ ಆರಾಮ, ಭಾಳ ಆರಾಮ. ಫೋನಿನಲ್ಲಿ ನನ್ನ ಆಪರೇಷನ್ನಿನ ಮಾತು ತೆಗೆದರೆ ನೀನು ಭತ್ತದ ಬೆಳೆಯ ಮಾತು ಎತ್ತುತ್ತೀಯ. ಪತ್ರಕ್ಕೆ ಅಡ್ಡ ಬಾಯಿ ಹಾಕಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷದ ಕುಬುಸ ನೀನು ಮರೆತಿಲ್ಲ, ನಾನೂ ಮರೆತಿಲ್ಲ. ಹಬ್ಬಕ್ಕೆ ಗಂಗಾವತಿಗೆ ಬಂದಾಗ ನನ್ನ ಹೊಟ್ಟೆ ಕಂಡು ಓಣಿಯ ಹೆಂಗಸರು ತಾವೇ ತಿಂಗಳು ಎಣಿಸಿದರು, ನೀನು ನಂಬಿದೆ. ಮಗಳು ನಾಚಿಕೊಂಡು ಹೇಳುತ್ತಿಲ್ಲ ಎಂದುಕೊಂಡು ಬಸುರಿಯ ಕುಬುಸಕ್ಕೆಂದು ಹಸಿರು ಸೀರೆ, ಹಸಿರು ಬಳೆ, ಉಡಿಯಕ್ಕಿ, ಐದು ಜನ ಮುತ್ತೈದೆಯರ ಸಮೇತ ಹೇಳದೆ ಕೇಳದೆ ಇಲ್ಲಿಗೆ ಬಂದಿಳಿದೆ. ಆರತಿ ತಟ್ಟೆ ಹಿಡಿದು ನಿಂತಾಗ ನಾನು "ಅವ್ವ, ಹೊಟ್ಟೆಯಲ್ಲಿ ಏನೂ ಇಲ್ಲ" ಎಂದೆ. ಬಂದವರು ಹೋಳಿಗೆ ಉಂಡು ಹೊರಟರು. ನೀನು ಸೀರೆ ಬಿಟ್ಟು, ಅಕ್ಕಿಯನ್ನು ವಾಪಸು ಗಂಟು ಕಟ್ಟಿಕೊಂಡು ಹೋದೆ. ಅಂದಿನಿಂದ ನನ್ನ ಹೊಸ್ತಿಲು ತುಳಿದಿಲ್ಲ. ಅವಮಾನ ನಿನಗೆ ಹೆಚ್ಚಾಯಿತೋ ನನಗೋ ತಿಳಿಯದು, ಅಳು ಮಾತ್ರ ಇಬ್ಬರಿಗೂ ಬಂತು.

ಅವಳಿಗಳನ್ನು ಹೊತ್ತಾಗ ಹೊಟ್ಟೆಯ ಸ್ನಾಯುಗಳು ನಡುವೆ ಅಗಲಿ ಅತ್ತಿತ್ತ ಸರಿದುಬಿಟ್ಟಿದ್ದವಂತೆ. ಪಥ್ಯ ಮಾಡಿದೆ, ವ್ಯಾಯಾಮ ಮಾಡಿದೆ. ತೂಕ ಇಳಿಯಿತು, ಹೊಟ್ಟೆ ಇಳಿಯಲಿಲ್ಲ. ಡಾಕ್ಟರ್ ಸುಹಾಸಿನಿ ಮೊದಲು ಹೆದರಿಸಿಯೇ ನೋಡಿದರು. ಇದು ತೂಕ ಇಳಿಸುವ ಆಪರೇಷನ್ ಅಲ್ಲ, ಇನ್ನೂ ಮಕ್ಕಳು ಬೇಕಿದ್ದರೆ ಈಗ ಬೇಡ, ರಕ್ತ ಹೆಪ್ಪುಗಟ್ಟುವ ಅಪಾಯವೂ ಉಂಟು ಎಂದರು. ನಾನು ಗಟ್ಟಿಯಾಗಿ ನಿಂತೆ. ಸ್ನಾಯುಗಳನ್ನು ಕೂಡಿಸಿ ಹೊಲಿದು, ಜೋತುಬಿದ್ದ ಚರ್ಮ ಕತ್ತರಿಸಿ ತೆಗೆದರು. ಗಾಯದ ಗೆರೆ ಸೊಂಟದ ಈ ಬದಿಯಿಂದ ಆ ಬದಿಗೆ ಉದ್ದವಾಗಿದೆ, ಆದರೆ ಸೀರೆ ಉಟ್ಟರೆ ಕಾಣುವುದಿಲ್ಲ.

"ಹಡದ್ರ ಬರ್ತಿದ್ದೆ, ಹೊಟ್ಟಿ ಕೊಯ್ಸಿಕೊಂಡ್ರ ಬರಂಗಿಲ್ಲ" ಎಂದು ನೀನು ಫೋನಿಟ್ಟೆ. ಅತ್ತೆಯೇ ಬಾಣಂತನ ಮಾಡಿದರು, ಕೂಸಿಲ್ಲದ ಬಾಣಂತನ. ಮೊದಮೊದಲು ಮುದುಕಿಯ ಹಾಗೆ ಬಾಗಿಯೇ ನಡೆದೆ. ನೆಟ್ಟಗಾದರೆ ಹೊಲಿಗೆ ಎಳೆಯುತ್ತಿತ್ತು. ಕೆಮ್ಮಿದರೆ ಜೀವ ಬಾಯಿಗೆ ಬರುತ್ತಿತ್ತು. ಕೆಟ್ಟ ನೀರು ಇಳಿಯಲೆಂದು ಬಿಟ್ಟ ಕೊಳವೆ ತೆಗೆದ ದಿನ ಅತ್ತೆ ದೇವರಿಗೆ ಕಾಯಿ ಒಡೆದರು. ಡಾಕ್ಟರು ಕೊಟ್ಟ ಬೆಲ್ಟನ್ನು ನನ್ನ ಹೊಟ್ಟೆಗೆ ಬಿಗಿಯುತ್ತ, "ಇಷ್ಟಕ್ಕ ರೊಕ್ಕ ಯಾಕ ಕೊಟ್ರವಾ, ನನ್ನ ಹಳೇ ಸೀರಿ ಇತ್ತಲ್ಲ" ಎಂದು ಗೊಣಗಿದರು. ನಗಿಸಬೇಡಿ, ಹೊಲಿಗೆ ಬಿಚ್ಚುತ್ತದೆ ಎಂದು ಕೈಮುಗಿದೆ. ನನಗೆಂದು ಕಟ್ಟಿದ ಅಂಟಿನುಂಡೆಯನ್ನು ಇವರೇ ತಿಂದು ಮುಗಿಸಿದರು, ಈಗ ಇವರಿಗೆ ಹೊಟ್ಟೆ ಬಂದಿದೆ. ಮಕ್ಕಳು ಕೈಚಾಚಿದರೂ ಎತ್ತುವಂತಿರಲಿಲ್ಲ, ಅದೊಂದೇ ನನಗೆ ತಡೆಯಲಾಗದೆ ಹೋದದ್ದು. ಊತ ಇನ್ನೂ ಪೂರ್ತಿ ಇಳಿದಿಲ್ಲ, ಹೊಕ್ಕುಳ ಕೆಳಗೆ ಮುಟ್ಟಿದರೆ ಗೊತ್ತಾಗುವುದಿಲ್ಲ. ಅದಕ್ಕೆಲ್ಲ ತಿಂಗಳುಗಟ್ಟಲೆ ಬೇಕಂತೆ, ಬೇಕಾದರೆ ಬೇಕು.

ಮೊನ್ನೆ ಆಫೀಸಿಗೆ ಹೋದೆ. ಲಿಂಗಂಪಲ್ಲಿ ಲೋಕಲ್‌ನ ಹೆಂಗಸರ ಡಬ್ಬಿಯಲ್ಲಿ ಮೊದಲೆಲ್ಲ ನನ್ನನ್ನು ಕಂಡ ಕೂಡಲೇ ಯಾರಾದರೂ "ಕೂರ್ಚೋ ಅಮ್ಮಾ" ಎಂದು ಎದ್ದು ಜಾಗ ಬಿಡುತ್ತಿದ್ದರು, ನಾನು ಇಲ್ಲದ ಬಸುರಿಗೆ ತಲೆತಗ್ಗಿಸಿ ಕೂರುತ್ತಿದ್ದೆ. ಮೊನ್ನೆ ಒಬ್ಬರೂ ಏಳಲಿಲ್ಲ. ಒಬ್ಬಾಕೆಯಂತೂ ನನ್ನ ಕಾಲು ತುಳಿದುಕೊಂಡೇ ಹೋದಳು. ಸಿಕಂದರಾಬಾದಿನಿಂದ ಹೈಟೆಕ್ ಸಿಟಿಯ ತನಕ ಕಂಬಿ ಹಿಡಿದು ನೆಟ್ಟಗೆ ನಿಂತಿದ್ದೆ. ಗೆದ್ದೆ ಅನ್ನಿಸಿತು, ಅವ್ವ.

ಅಪ್ಪನಿಗೆ ಶರಣು, ಮದುಮಗನಿಗೆ ಅಕ್ಕನ ಆಶೀರ್ವಾದ, ನಿನಗೆ ಮಕ್ಕಳ ಮುತ್ತು.

ನಿನ್ನ ಮಗಳು
ಗುರುದೇವಿ

ತಾ.ಕ.: ಪತ್ರ ಹಾಕಿ ಬರಲು ಇವರು ಚಪ್ಪಲಿ ಮೆಟ್ಟಿ ನಿಂತಿದ್ದಾರೆ. ಮದುವೆಗೆ ಆ ಹಸಿರು ಸೀರೆಯನ್ನೇ ಉಟ್ಟು ಬರುತ್ತೇನೆ. ಅಂದು ಬಂದಿದ್ದ ಐದೂ ಜನರನ್ನು ತಪ್ಪದೆ ಕರೆ. ವಾಪಸು ಕಟ್ಟಿಕೊಂಡು ಹೋದ ಉಡಿಯಕ್ಕಿಯನ್ನು ಅವರೆದುರಿಗೇ ನನ್ನ ಉಡಿಗೆ ತುಂಬು. ಮಗಳ ಉಡಿ ತುಂಬಲು ಹೊಟ್ಟೆಯಲ್ಲಿ ಕೂಸೇ ಇರಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.